ಸೇವಂತಿಗೆಗಾಗಿ ಬಿಟ್ಟ ಜಾಗ

1972ನೇ ಇಸವಿ. ಎರ್ಲಾಂಗೆನ್ ಪಕ್ಕದ ಒಂದು ಸಣ್ಣ ಊರಿನ ಮ್ಯೂಸಿಯಮ್ಮಿನಲ್ಲಿ ನಾನು ರೆಸ್ಟೌರಾಟೋರಿನ್ ಆಗಿದ್ದೆ. ಹಾಗೆಂದರೆ ಹಳೆಯ ವರ್ಣಚಿತ್ರಗಳ ಕೊಳೆ ತೆಗೆದು, ಬಿರುಕು ಮುಚ್ಚಿ, ಇನ್ನಷ್ಟು ಕಾಲ ಬಾಳುವಂತೆ ಮಾಡುವವಳು. ನಮ್ಮವರು ಶ್ರೀಧರ್ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ಡಾಕ್ಟರು. "ನನ್ನ ಪೇಷಂಟ್‌ಗಳು ದಿನವಿಡೀ ಗೊಣಗ್ತಾರೆ, ನಿನ್ನವು ಬಾಯಿ ಬಿಡಲ್ಲ, ಯು ಆರ್ ಲಕ್ಕಿ ಕಣೇ" ಎಂದು ರೇಗಿಸುತ್ತಿದ್ದರು. ಬಾಯಿ ಬಿಡದ ಪೇಷಂಟಿನ ಪರವಾಗಿ ಒಬ್ಬಳು ಬಾಯಿ ಬಿಡಬೇಕಾಗಿ ಬಂದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ನಾನು ಬಂದ ದಾರಿಯೂ ಸ್ವಲ್ಪ ವಿಚಿತ್ರವೇ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಸಿಸ್ಟರ್ ಫಿಲೊಮಿನಾ ಶುಕ್ರವಾರ ಮಧ್ಯಾಹ್ನ ವಾಟರ್ ಕಲರ್ ಕಲಿಸುತ್ತಿದ್ದರು. ವಾಟರ್ ಕಲರಿನಲ್ಲಿ ಬಿಳಿ ಬಣ್ಣ ಬಳಿಯುವ ಹಾಗಿಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೆಯೇ ಬಿಡಬೇಕು. ಅವಸರಕ್ಕೆ ಬಿದ್ದು ಮಲ್ಲಿಗೆಯ ಜಾಗಕ್ಕೂ ಹಸಿರು ಬಳಿದವರ ಬೆನ್ನ ಹಿಂದೆ ಬಂದು ನಿಂತು, "ವೈಟ್ ಈಸ್ ವಾಟ್ ಯೂ ಲೀವ್, ಮೈ ಗರ್ಲ್" ಎನ್ನುವರು. ಆಮೇಲೆ ನಾನು ಕೆಮಿಸ್ಟ್ರಿ ಓದಿದೆ, ಮದುವೆಯಾಗಿ 1967ರಲ್ಲಿ ಜರ್ಮನಿಗೆ ಬಂದೆ, ಎರಡೂ ವಿದ್ಯೆ ಸೇರುವ ಕೆಲಸ ಇದೊಂದೇ ಎಂದು ಹುಡುಕಿಕೊಂಡು ಕಲಿತೆ. ಬಿಟ್ಟ ಜಾಗವೂ ಚಿತ್ರದ ಭಾಗವೇ ಎನ್ನುವುದನ್ನು ಮಾತ್ರ ಜರ್ಮನಿ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಬಂದ ವರ್ಷದ್ದೇ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ವರ್ಷ ದೀಪಾವಳಿಯೂ ಇಲ್ಲಿಯ ಆಲರ್‌ಹೈಲಿಗೆನ್ ಹಬ್ಬವೂ ಒಂದೇ ವಾರದಲ್ಲಿ ಬಂದಿದ್ದವು. ಆಲರ್‌ಹೈಲಿಗೆನ್ ಎಂದರೆ ಜನ ಸಮಾಧಿಗಳಿಗೆ ಹೋಗಿ ದೀಪ ಹಚ್ಚಿ ಹೂವಿಟ್ಟು ಬರುವ ದಿನ. ನನಗೆ ಅದೇನೂ ಗೊತ್ತಿಲ್ಲ. ಅಂಗಡಿ ಬೀದಿಯಲ್ಲಿ ಕುಂಡಗಟ್ಟಲೆ ಬಿಳಿ ಸೇವಂತಿಗೆ ಸಾಲು ಹಿಡಿದು ನಿಂತಿದ್ದು ಕಂಡು ಕಣ್ಣಲ್ಲಿ ನೀರೇ ಬಂತು. ಆಹಾ, ನಮ್ಮ ಹಬ್ಬಕ್ಕೆಂದೇ ಅರಳಿದ ಹಾಗಿದೆಯಲ್ಲ ಎಂದು ಕೈತುಂಬ ತಂದು ಬಾಗಿಲ ಎರಡೂ ಕಡೆ ಇಟ್ಟೆ. ಅರ್ಧ ಗಂಟೆಯೊಳಗೆ ಮನೆ ಮಾಲಕಿ ಫ್ರಾವ್ ಕೆಲ್ಲರ್ ಕಪ್ಪು ಕೋಟು ಹಾಕಿಕೊಂಡು, ಒಂದು ಕೇಕು ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು:

"ಯಾರು ತೀರಿಕೊಂಡರು ಮಗಳೇ?"

ಅರಿಶಿನ ಕುಂಕುಮ ಕೊಡಲು ಎದ್ದಿದ್ದ ನಾನು ಹಾಗೆಯೇ ನಿಂತುಬಿಟ್ಟೆ. ವಿಷಯ ಗೊತ್ತಾದ ಮೇಲೆ ಇಬ್ಬರೂ ಅದೇ ಕೇಕು ತಿನ್ನುತ್ತ ನಕ್ಕೆವು. ಆದರೆ ಆ ಮೇಲೆ ಐದು ವರ್ಷ ನಾನು ಸೇವಂತಿಗೆ ಮನೆಗೆ ತರಲಿಲ್ಲ. ಬೇರೆಯವರ ದುಃಖದ ಹೂವು ನಮಗೆ ಅಲಂಕಾರಕ್ಕೆ ಯಾಕೆ ಅನ್ನಿಸಿತ್ತು.

ಇನ್ನು ಕೇಸಿಗೆ ಬರುತ್ತೇನೆ.

1972ರ ಸೆಪ್ಟೆಂಬರಿನಲ್ಲಿ ಮ್ಯೂಸಿಯಮ್ಮಿನ ನಿರ್ದೇಶಕ ಡಾಕ್ಟರ್ ಲಿಂಡ್ನರ್ ಒಂದು ಹೂವಿನ ಸ್ಟಿಲ್ ಲೈಫನ್ನು ನನ್ನ ವರ್ಕ್‌ಶಾಪಿಗೆ ಕಳುಹಿಸಿದರು. ಸ್ಟಿಲ್ ಲೈಫ್ ಎಂದರೆ ಹೂವು, ಹಣ್ಣು, ಪಾತ್ರೆಗಳಂಥ ಅಲುಗದ ವಸ್ತುಗಳನ್ನು ಮುಂದಿಟ್ಟುಕೊಂಡು ಬರೆದ ಚಿತ್ರ. ಇದು 1830ರ ಆಸುಪಾಸಿನದು, ರೊಮ್ಯಾಂಟಿಕ್ ಕಾಲದ್ದು. ಆ ಕಾಲದಲ್ಲಿ ಮಂಜು ಕವಿದ ಬೆಟ್ಟ, ಪಾಳುಬಿದ್ದ ಗೋಪುರ ಬರೆದ ಗಂಡಸರು ದೊಡ್ಡ ಹೆಸರು ಮಾಡಿದರು. ಹೆಂಗಸರಿಗೆ ಅಕಾಡೆಮಿಯ ಬಾಗಿಲು ಮುಚ್ಚಿತ್ತು. ಅವರು ಬರೆಯಬಹುದಾದದ್ದು ಮನೆಯೊಳಗಿನ ಹೂದಾನಿ. ನಮ್ಮ ಚಿತ್ರ ಬರೆದವಳ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಹೆಸರು ವಿಲ್ಹೆಲ್ಮಿನ್, ತಂದೆ ಒಂದು ಅರಮನೆಯ ತೋಟದ ಮುಖ್ಯಸ್ಥ, ಚಿಕ್ಕ ವಯಸ್ಸಿಗೇ ತೀರಿಕೊಂಡಳು.

ಚಿತ್ರ ಚಿಕ್ಕದು, ನಮ್ಮ ಕಡೆ ಗೋಡೆಗೆ ನೇತುಹಾಕುವ ದೇವರ ಪಟದಷ್ಟು. ಹಳೆಯ ವಾರ್ನಿಶ್ ಹಳದಿಗಟ್ಟಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದರಡಿಯಲ್ಲಿ ಗುಲಾಬಿ, ಟ್ಯೂಲಿಪ್, ನೀಲಿ ಬಳ್ಳಿಯ ಹೂವು, ಮದುವಣಗಿತ್ತಿಗೆ ಮುಡಿಸುವ ಮಿರ್ಟಲ್ ಎಲೆ. ಬಲಗಡೆ ಮೇಲೆ, ಮಿಕ್ಕ ಹೂವುಗಳಿಂದ ಒಂದಿಷ್ಟು ಎದ್ದು, ದಳಗಳನ್ನು ಒಳಕ್ಕೆ ಸುರುಳಿ ಮಾಡಿಕೊಂಡ ಒಂದು ಬಿಳಿ ಸೇವಂತಿಗೆ.

ಡಾಕ್ಟರ್ ಲಿಂಡ್ನರ್ ಬಹಳ ಓದಿದ ಮನುಷ್ಯ, ಮರ್ಯಾದಸ್ಥರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ವಸಂತದ ಪ್ರದರ್ಶನಕ್ಕೆ ಈ ಚಿತ್ರವನ್ನು "ಮದುವಣಗಿತ್ತಿಯ ಹೂಗುಚ್ಛ" ಎಂದು ನಡುವಿನ ಹಾಲಿನಲ್ಲಿ ತೂಗುಹಾಕುವುದೆಂದು ಅವರು ನಿರ್ಧರಿಸಿದ್ದರು. ರೊಮ್ಯಾಂಟಿಕ್ ಕಾಲದವರಿಗೆ ಒಂದೊಂದು ಹೂವಿಗೂ ಒಂದೊಂದು ಅರ್ಥ. ಗುಲಾಬಿ ಪ್ರೇಮ, ಮಿರ್ಟಲ್ ಮದುವೆ. ಎಲ್ಲ ಸರಿಹೊಂದುತ್ತಿತ್ತು, ಆ ಸೇವಂತಿಗೆಯೊಂದನ್ನು ಬಿಟ್ಟು. ಮದುವೆಯ ಗುಚ್ಛದಲ್ಲಿ ಸಮಾಧಿಯ ಹೂವು ಎಲ್ಲಿಂದ ಬಂತು? ಅವರ ತೀರ್ಮಾನ ಇದು: ವಿಲ್ಹೆಲ್ಮಿನ್ ಸತ್ತ ಎಷ್ಟೋ ಕಾಲದ ಮೇಲೆ ಮನೆಯವರು ಯಾರಿಂದಲೋ ಅವಳ ನೆನಪಿಗೆ ಈ ಹೂವನ್ನು ಬರೆಸಿದ್ದಾರೆ. ಹಾಗಾಗಿ ವಾರ್ನಿಶ್ಶಿನ ಜೊತೆಗೆ ಅದನ್ನೂ ತೆಗೆಯತಕ್ಕದ್ದು.

ನಾನು ಮೊದಲು ಕೆಲಸ ಶುರುಮಾಡಿದ್ದು ಯಾವ ಹಠವನ್ನೂ ಇಟ್ಟುಕೊಂಡಲ್ಲ. ಆಮೇಲಿನವರು ಸೇರಿಸಿದ್ದನ್ನು ತೆಗೆಯುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಕಡ್ಡಿಗೆ ಹತ್ತಿ ಸುತ್ತಿ, ಬಣ್ಣ ಕರಗಿಸುವ ಸಾಲ್ವೆಂಟಿನಲ್ಲಿ ಅದ್ದಿ, ಮೂಲೆಯಲ್ಲಿ ಮೆಲ್ಲಗೆ ಉರುಳಿಸಿ ನೋಡುತ್ತೇವೆ. ಆಮೇಲೆ ಬಳಿದ ಎಳೆಯ ಬಣ್ಣವಾದರೆ ಸಾಮಾನ್ಯವಾಗಿ ಬೇಗ ಕರಗಿ ಹತ್ತಿಗೆ ಹತ್ತುತ್ತದೆ. ವಾರ್ನಿಶ್ ಕರಗಿ ಹತ್ತಿ ಹಳದಿಯಾಯಿತು. ಸೇವಂತಿಗೆಯ ಬಿಳಿ ಮಾತ್ರ ಬಿಡಲಿಲ್ಲ. ಗುಲಾಬಿಯಷ್ಟೇ ಗಟ್ಟಿ, ಅದರಷ್ಟೇ ಹಠಮಾರಿ. ವಾರ್ನಿಶ್ ಹೋದ ಜಾಗದಲ್ಲಿ ದಳಗಳ ತುದಿಗೆ ಬೆಳಗಿನ ಹಾಲಿನಂಥ ಒಂದು ನಸು ನೀಲಿ ಕಂಡಿತು. ಹತ್ತಿ ಕೆಳಗಿಟ್ಟು ಸುಮ್ಮನೆ ಅದನ್ನೇ ನೋಡುತ್ತ ಕೂತೆ. ಹೋದವರಿಗೆಂದು ಬರೆದ ಹೂವು ಇಷ್ಟು ಜೀವ ಹಿಡಿದುಕೊಂಡಿರುತ್ತದೆಯೇ ಅನ್ನಿಸಿತು. ಆದರೆ ಅನ್ನಿಸುವುದು ಎವಿಡೆನ್ಸ್ ಅಲ್ಲ.

ಡಾಕ್ಟರ್ ಲಿಂಡ್ನರ್‌ಗೆ ಹೇಳಿದೆ. ಸಾಲ್ವೆಂಟಿಗೆ ಬಗ್ಗದಿದ್ದರೆ ಸ್ಕಾಲ್ಪೆಲ್ ಹಿಡಿಯಿರಿ ಎಂದರು. ಸ್ಕಾಲ್ಪೆಲ್ ಎಂದರೆ ಆಪರೇಷನ್ನಿನ ಚೂರಿ, ನಾವೂ ಅದನ್ನೇ ಬಳಸುತ್ತೇವೆ. ಕೆರೆಯುವ ಮೊದಲು ಎಕ್ಸ್-ರೇ ತೆಗೆಸೋಣ ಎಂದು ನಾನು ಕೇಳಿದೆ. ಅಡಿಯಲ್ಲಿ ಮೂಲದ ಗುಲಾಬಿಯೇನಾದರೂ ಸಿಕ್ಕೀತು ಎಂಬ ಆಸೆ ಅವರಿಗೂ ಇತ್ತು, ಒಪ್ಪಿದರು.

ಚಿತ್ರಗಳಿಗೆಂದೇ ಎಕ್ಸ್-ರೇ ಯಂತ್ರ ಸಣ್ಣ ಮ್ಯೂಸಿಯಮ್ಮಿಗೆ ಎಲ್ಲಿಂದ ಬರಬೇಕು? ಒಂದು ಶನಿವಾರ ಆಸ್ಪತ್ರೆಯಲ್ಲಿ ಕೆಲಸ ಕಡಿಮೆಯಿದ್ದ ಹೊತ್ತಿನಲ್ಲಿ, ಕಂಬಳಿಯಲ್ಲಿ ಸುತ್ತಿದ ವಿಲ್ಹೆಲ್ಮಿನಳನ್ನು ನಮ್ಮವರ ಟೇಬಲ್ ಮೇಲೆ ಮಲಗಿಸಿದೆ. "ಉಸಿರು ಬಿಗಿ ಹಿಡ್ಕೋ ಅಂತ ಹೇಳೇ ನಿನ್ನ ಪೇಷಂಟ್‌ಗೆ" ಎಂದು ಅವರು ತಮಾಷೆ ಮಾಡುತ್ತಲೇ ಫಿಲ್ಮನ್ನು ಲೈಟ್ ಬಾಕ್ಸಿಗೆ ಸಿಕ್ಕಿಸಿದರು. ಇಬ್ಬರೂ ಹತ್ತಿರಕ್ಕೆ ಬಗ್ಗಿದೆವು.

ಸೇವಂತಿಗೆಯ ಅಡಿಯಲ್ಲಿ ಗುಲಾಬಿ ಇರಲಿಲ್ಲ. ಇನ್ನೇನೂ ಇರಲಿಲ್ಲ. ಸುತ್ತಲಿನ ಎಲೆಗಳೆಲ್ಲ ಆ ಜಾಗದ ಅಂಚಿಗೆ ಬಂದು ನಿಂತುಬಿಟ್ಟಿದ್ದವು. ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದಾರೆ, ಬರಬೇಕಾದವರೊಬ್ಬರು ಇನ್ನೂ ದಾರಿಯಲ್ಲಿದ್ದಾರೆ, ಅವರಿಗೆಂದು ಒಂದು ಎಲೆ ಹಾಕಿ ಜಾಗ ಬಿಟ್ಟಿದ್ದಾರಲ್ಲ, ಹಾಗೆ.

ಇದು ಹೂವು ಬರೆಯುವವರ ಹಳೆಯ ಪದ್ಧತಿ. ಒಂದೇ ಹೂದಾನಿಯಲ್ಲಿ ಕಾಣುವ ಹೂವುಗಳು ಒಂದೇ ದಿನ ಅರಳಿದವಲ್ಲ. ಟ್ಯೂಲಿಪ್ ವಸಂತದ್ದು, ಗುಲಾಬಿ ಜೂನಿನದು. ಎದುರಿಗಿಟ್ಟುಕೊಂಡೇ ಬರೆಯಬೇಕು ಎನ್ನುವವರು ಆಯಾ ಹೂವು ಅರಳುವವರೆಗೂ ಜಾಗ ಬಿಟ್ಟು ಕಾಯುತ್ತಿದ್ದರು. ಸೇವಂತಿಗೆ ಇಲ್ಲಿ ಅರಳುವುದು ಚಳಿ ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಬೇಸಿಗೆಯಲ್ಲಿ ಬರೆದ ಎಲೆಗಳು ಒಣಗಿರುತ್ತವೆ, ಕೊನೆಯ ಹೂವಿನ ಅಂಚು ಒಣಗಿದ ಬಣ್ಣದ ಮೇಲೆ ಕೂರುತ್ತದೆ. ನೋಡಿದವರಿಗೆ ಯಾರೋ ಆಮೇಲೆ ಮೆತ್ತಿದ ಹಾಗೇ ಕಾಣುತ್ತದೆ. ಸಿಸ್ಟರ್ ಫಿಲೊಮಿನಾ ಬೆನ್ನ ಹಿಂದೆಯೇ ನಿಂತಿದ್ದ ಹಾಗಿತ್ತು ನನಗೆ.

ಸೋಮವಾರ ಫಿಲ್ಮ್ ಹಿಡಿದುಕೊಂಡು ಕುಣಿಯುತ್ತ ಹೋದೆ. ಡಾಕ್ಟರ್ ಲಿಂಡ್ನರ್ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ ಮಾತು ನನ್ನ ಕಾಲ ಕೆಳಗಿನ ನೆಲವನ್ನೇ ಎಳೆಯಿತು. ಜಾಗ ಬಿಟ್ಟಿದ್ದಳು, ಸರಿ. ತುಂಬುವ ಮೊದಲೇ ಸತ್ತಳು. ಖಾಲಿ ಉಳಿದದ್ದನ್ನು ಮನೆಯವರು ಸಮಾಧಿಯ ಹೂವಿನಿಂದ ತುಂಬಿಸಿದರು. ಫಿಲ್ಮ್ ತಮ್ಮ ಮಾತನ್ನೇ ಹೇಳುತ್ತದೆ ಎಂದರು. ಹೂವನ್ನು ಕೆರೆದು, ಖಾಲಿ ಜಾಗಕ್ಕೆ ಯಾರ ಕಣ್ಣಿಗೂ ಬೀಳದ ಹಾಗೆ ನೀವೇ ನಾಲ್ಕು ಎಲೆ ಬರೆದುಬಿಡಿ ಎಂದರು.

ಬಣ್ಣದ ಒಂದು ಚೂರು ತೆಗೆದು ಮೈಕ್ರೋಸ್ಕೋಪಿನಡಿ ಪದರಗಳನ್ನು ನೋಡಿದೆ. ಎಲೆಯ ಬಣ್ಣಕ್ಕೂ ದಳದ ಬಣ್ಣಕ್ಕೂ ನಡುವೆ ವಾರ್ನಿಶ್ ಇರಲಿಲ್ಲ, ಕೊಳೆಯೂ ಇರಲಿಲ್ಲ. ಎಷ್ಟೋ ಕಾಲದ ಮೇಲೆ ಬರೆಸಿದ್ದಾದರೆ ಅವು ಇರಬೇಕಿತ್ತು. ಮುಗಿಯದ ಚಿತ್ರಕ್ಕೆ ವಾರ್ನಿಶ್ ಯಾರು ಹಾಕುತ್ತಾರೆ, ಬಟ್ಟೆ ಮುಚ್ಚಿಟ್ಟಿದ್ದರೆ ಕೊಳೆ ಎಲ್ಲಿಂದ ಬರುತ್ತದೆ ಎಂದರು ಡಾಕ್ಟರ್ ಲಿಂಡ್ನರ್. ಅದೂ ನಿಜವೇ. ವಿಜ್ಞಾನ ನನ್ನನ್ನು ಇಲ್ಲಿಯವರೆಗೆ ಕರೆದುಕೊಂಡು ಬಂದು ಕೈ ಬಿಟ್ಟಿತ್ತು. ಅವರ ವಾದದ ಗೋಡೆಯೆಲ್ಲ ಒಂದೇ ಇಟ್ಟಿಗೆಯ ಮೇಲೆ ನಿಂತಿತ್ತು: ಇದು ಸಮಾಧಿಯ ಹೂವು.

"ನಾನು ಕೆರೆಯುವುದಿಲ್ಲ, ಹೆರ್ ಡಾಕ್ಟರ್."

ಜರ್ಮನ್ನಿನಲ್ಲಿ ನಾನು ಹೇಳಿದ ಅತ್ಯಂತ ಚಿಕ್ಕ ವಾಕ್ಯಗಳಲ್ಲಿ ಅದೂ ಒಂದು. ಅವರು ಧ್ವನಿ ಏರಿಸಲಿಲ್ಲ.

"ಫ್ರಾವ್ ರಾವ್, ಚಿತ್ರವನ್ನು ಸ್ವಚ್ಛ ಮಾಡುವುದು ನಿಮ್ಮ ವಿಭಾಗ. ಅದರ ಅರ್ಥ ಏನು ಅನ್ನುವುದು ನನ್ನದು."

"ನಿಮ್ಮ ಅರ್ಥ ತಪ್ಪಾದರೆ ಮುಂದಿನ ಪುಸ್ತಕದಲ್ಲಿ ತಿದ್ದಿಕೊಳ್ಳಬಹುದು. ನನ್ನ ಕೈ ತಪ್ಪಿದರೆ ವಿಲ್ಹೆಲ್ಮಿನ್ ಎದ್ದು ಬಂದು ಮತ್ತೆ ಬರೆಯುತ್ತಾಳೆಯೇ?"

ಆಲರ್‌ಹೈಲಿಗೆನ್ ರಜೆ ಕಳೆದ ಮೇಲಿನ ಸೋಮವಾರ ಕೊನೆಯ ಮಾತಾಡೋಣ, ಅಷ್ಟರಲ್ಲಿ ಯೋಚನೆ ಮಾಡಿ ಎಂದರು. ನನ್ನ ಕಾಂಟ್ರಾಕ್ಟ್ ವಸಂತಕ್ಕೆ ಮುಗಿಯುತ್ತದೆ ಎನ್ನುವುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ಅದೇ ಮಾತು. "ಸತ್ತವಳ ಒಂದು ಹೂವಿಗೋಸ್ಕರ ಬದುಕಿರೋ ಕೆಲಸ ಕಳ್ಕೋತೀಯಾ? ಸ್ವಲ್ಪ ಪ್ರಾಕ್ಟಿಕಲ್ ಆಗು ಕಣೇ" ಎಂದರು ನಮ್ಮವರು.

"ರೀ, ಯಾರದೋ ಎಕ್ಸ್-ರೇನಲ್ಲಿ ನಿಮ್ಮ ಪ್ರೊಫೆಸರ್‌ಗೆ ಇಷ್ಟ ಆಗದೇ ಇರೋದು ಏನಾದ್ರೂ ಕಂಡ್ರೆ ಅದನ್ನ ಅಳಿಸಿ ಕೊಡ್ತೀರಾ?"

ಅವರು ಸಾರನ್ನ ಕಲಸುವುದನ್ನು ನಿಲ್ಲಿಸಿ, "ನೀನು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತೆಯೋ, ವಕೀಲಿಕೆ ಕಲಿತೆಯೋ?" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಆ ವರ್ಷದ ದೀಪಾವಳಿ ಬಂದದ್ದು ಆ ಸೋಮವಾರದ ಹಿಂದಿನ ದಿನ. ಸಮಾಧಿಗಳ ಹಬ್ಬ ಮುಗಿದು ಅಂಗಡಿಯಲ್ಲಿ ಮಿಕ್ಕಿದ ಬಿಳಿ ಸೇವಂತಿಗೆಯ ಕುಂಡಗಳು ಬಾಗಿಲ ಹೊರಗೆ ನಿಂತಿದ್ದವು. ಐದು ವರ್ಷ ಮುಖ ತಿರುಗಿಸಿಕೊಂಡು ಹೋದ ಅದೇ ಅಂಗಡಿ. ಆವತ್ತು ನಿಂತೆ. ಒಂದು ಕುಂಡ ತಂದೆ. ಪೂಜೆಗಿಟ್ಟು ಮಿಕ್ಕ ಹೂವನ್ನು ದಾರದಲ್ಲಿ ದಂಡೆ ಕಟ್ಟುತ್ತ ಕೂತಿದ್ದಾಗ ಮಗಳು ನಂದಿನಿ ಹತ್ತಿರ ಬಂದಳು. ಆಗ ಅವಳಿಗೆ ನಾಲ್ಕು ವರ್ಷ. ಕಿಂಡರ್‌ಗಾರ್ಟನ್ನಿಗೆ ಹೋಗುತ್ತಿದ್ದಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್ನಿನಲ್ಲೇ ಉತ್ತರ. ಸೊಂಟಕ್ಕೆ ಕೈ ಕೊಟ್ಟುಕೊಂಡು, ಅಮ್ಮಾ, ಇದು ಸತ್ತವರ ಹೂವು, ನಿನಗಲ್ಲ ಎಂದು ಜರ್ಮನ್ನಿನಲ್ಲಿ ಕಟ್ಟಪ್ಪಣೆ ಮಾಡಿದಳು.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು! ಅವಳ ಅಜ್ಜಿ ದಸರೆಯಿಂದ ಸಂಕ್ರಾಂತಿಯವರೆಗೆ ಈ ಹೂವಿಲ್ಲದೆ ತಲೆ ಬಾಚಿದವಳಲ್ಲ. ಒಂದು ಹೂವಿನ ಅರ್ಥ ತಿರುಗಿ ನಿಲ್ಲುವುದಕ್ಕೆ ಒಂದು ತಲೆಮಾರು ಸಾಕು. ಹಾಗಿದ್ದ ಮೇಲೆ ಡಾಕ್ಟರ್ ಲಿಂಡ್ನರ್‌ಗೂ ವಿಲ್ಹೆಲ್ಮಿನಳಿಗೂ ನಡುವೆ ಎಷ್ಟು ತಲೆಮಾರು? ಅವರ ಇಟ್ಟಿಗೆ ಎಲ್ಲಿ ಸಡಿಲವಾಗಿದೆ ಎನ್ನುವುದು ಆಗ ನನಗೆ ಕಂಡಿತು.

ಮರುದಿನ ಬೆಳಿಗ್ಗೆ ಪ್ಯಾಂಟು, ಬಿಳಿ ಕೋಟು ಬಿಟ್ಟು ಮದುವೆಯ ಮೈಸೂರು ರೇಷ್ಮೆ ಉಟ್ಟೆ. ತುರುಬಿನ ಸುತ್ತ ಸೇವಂತಿಗೆ ದಂಡೆ ಮುಡಿದೆ. ದಿನವೂ ಸೈಕಲ್ಲಿನಲ್ಲಿ ಹೋಗುವವಳು ಆವತ್ತು ಬಸ್ ಹತ್ತಿದೆ. ಎದುರು ಸೀಟಿನ ಮುದುಕಿ ನನ್ನ ತಲೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಕುತ್ತಿಗೆ ಇನ್ನೊಂದಿಷ್ಟು ನೆಟ್ಟಗೆ ಮಾಡಿಕೊಂಡು ಕೂತೆ.

ಡಾಕ್ಟರ್ ಲಿಂಡ್ನರ್ ವರ್ಕ್‌ಶಾಪಿನ ಬಾಗಿಲಲ್ಲೇ ನಿಂತುಬಿಟ್ಟರು. ಮುಖದ ಬಿಗುವೆಲ್ಲ ಇಳಿದುಹೋಯಿತು. ಜಗಳ ಮರೆತು, ಬಹಳ ಮೃದುವಾಗಿ ಕೇಳಿದರು:

"ಫ್ರಾವ್ ರಾವ್, ಮನೆಯಲ್ಲಿ ಯಾರಾದರೂ ತೀರಿಕೊಂಡರೇ?"

ಫ್ರಾವ್ ಕೆಲ್ಲರ್ ಕೇಳಿದ್ದೂ ಇದನ್ನೇ. ಅವರ ಕರುಣೆ ನಿಜವಾದದ್ದು. ಅದಕ್ಕೇ ಉತ್ತರವನ್ನೂ ಮೃದುವಾಗಿಯೇ ಕೊಟ್ಟೆ.

"ಇಲ್ಲ, ಹೆರ್ ಡಾಕ್ಟರ್. ನಿನ್ನೆ ನಮ್ಮ ಮನೆಯಲ್ಲಿ ಹಬ್ಬ. ನನ್ನ ಮದುವೆಯ ದಿನವೂ ಇದೇ ಹೂವು ಮುಡಿದಿದ್ದೆ."

ಅವರು ನನ್ನ ತುರುಬು ನೋಡಿದರು. ಈಸಲ್ ಮೇಲಿದ್ದ ಚಿತ್ರ ನೋಡಿದರು. ಮತ್ತೆ ತುರುಬು. ಆ ಮೌನವನ್ನು ನಾನು ತುಂಬಲಿಲ್ಲ, ಬಿಟ್ಟೆ. ಆಮೇಲೆ ಕೇಳಿದೆ: "ವಿಲ್ಹೆಲ್ಮಿನ್ ಬದುಕಿದ್ದಾಗ ಈ ಊರಿನ ಯಾವ ಸಮಾಧಿಯ ಮೇಲೆ ಈ ಹೂವು ಇಡುತ್ತಿದ್ದರು?"

ಅವರು ಕುರ್ಚಿ ಎಳೆದುಕೊಂಡು ಕೂತರು. "ನನಗೆ ಗೊತ್ತಿಲ್ಲ" ಎಂದರು.

"ನನಗೂ ಗೊತ್ತಿಲ್ಲ. ಗೊತ್ತಿಲ್ಲದವರು ಇಬ್ಬರು ಸೇರಿ ಚೂರಿ ಹಿಡಿಯುವುದು ಬೇಡ."

ಮ್ಯೂನಿಕ್‌ನಿಂದ ಬೇರೆಯವರನ್ನು ಕರೆಸಬಲ್ಲೆ ಎಂದು ಎದ್ದು ಹೋಗುವಾಗ ಹೇಳಿದರು. ಕರೆಸಿ, ನಿಮಗೆ ಹೇಳಿದ್ದನ್ನೇ ಪಕ್ಕದಲ್ಲಿ ನಿಂತು ಅವರಿಗೂ ಹೇಳುತ್ತೇನೆ ಎಂದೆ. ಯಾರೂ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲು ಅವರೇ ಒಂದು ದಿನ ಬಂದರು. ಆ ಕಾಲದ ತೋಟಗಾರಿಕೆಯ ಪುಸ್ತಕಗಳನ್ನೆಲ್ಲ ತಿರುವಿಹಾಕಿದ್ದರಂತೆ. ಸೇವಂತಿಗೆ ಆಗಿನ್ನೂ ಪೂರ್ವ ದೇಶದಿಂದ ಬಂದ ಹೊಸ ಹೂವು, ಅರಮನೆಗಳ ಗಾಜಿನ ಮನೆಗಳಲ್ಲಿ ಬೆಳೆಸುವ ಅಪರೂಪದ ವಸ್ತು. ಸಮಾಧಿಗಳಿಗೆ ಅದು ನಡೆದುಹೋದದ್ದು ಬಹಳ ಆಮೇಲೆ. ತಮ್ಮದು ತಪ್ಪಾಯಿತು ಎನ್ನಲಿಲ್ಲ. ಚಿತ್ರದ ಮುಂದೆ ಕೈಕಟ್ಟಿ ನಿಂತು ಒಂದೇ ಮಾತು ಹೇಳಿದರು: "ಅದು ಇರಲಿ."

ತೋಟದವನ ಮಗಳು ವರ್ಷವೆಲ್ಲ ಕಾದದ್ದು ಯಾವುದಕ್ಕೆಂದು ಈಗ ಯೋಚಿಸಿ ನೋಡಿ. ಅಪ್ಪನ ಗಾಜಿನ ಮನೆಗೆ ಹೊಸದಾಗಿ ಬಂದ ಗಿಡ, ಅದರ ಮೊದಲ ಹೂವು. ಇದಕ್ಕೆ ಪುರಾವೆ ಇಲ್ಲ, ನನ್ನ ಊಹೆ ಅಷ್ಟೆ. ಆದರೆ ಊಹೆಗೆ ಇನ್ನೂ ಜಾಗ ಉಳಿದಿದೆ, ಹೂವು ಉಳಿದಿರುವುದರಿಂದ.

ಗೆದ್ದೆ ಎಂದು ಬರೆದರೆ ಸುಳ್ಳಾದೀತು. ಪ್ರದರ್ಶನದಲ್ಲಿ "ಮದುವಣಗಿತ್ತಿಯ ಹೂಗುಚ್ಛ" ಎನ್ನುವ ಹೆಸರೂ ಇರಲಿಲ್ಲ, ನಡುವಿನ ಹಾಲೂ ಇರಲಿಲ್ಲ. ಜನ ಕೋಟು ಬಿಚ್ಚಿಡುವ ಕಡೆಯ ಓಣಿಯಲ್ಲಿ ಚಿತ್ರವನ್ನು ತೂಗುಹಾಕಿದರು. ವಸಂತದಲ್ಲಿ ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಬಜೆಟ್ ಎಂದರು. ನಾನು ಕೇಳಲೂ ಇಲ್ಲ, ಅಳಲೂ ಇಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಸ್ವಂತ ವರ್ಕ್‌ಶಾಪ್ ತೆರೆದೆ. ಮೊದಲ ಗಿರಾಕಿ ಫ್ರಾವ್ ಕೆಲ್ಲರ್, ಅವರ ತಾತನ ಹೊಗೆ ಹಿಡಿದ ಭಾವಚಿತ್ರದೊಂದಿಗೆ. ಕಣ್ಣು ಮಂಜಾಗುವವರೆಗೂ ಅಲ್ಲಿಯೇ ಕೆಲಸ ಮಾಡಿದೆ. ಪ್ರತಿ ದೀಪಾವಳಿಗೂ ಸೇವಂತಿಗೆ ಮುಡಿದೆ, ಬಸ್ಸಿನಲ್ಲೂ ಓಡಾಡಿದೆ. ನೋಡುವವರು ನೋಡಲಿ.

ಈಗಲೂ ಆಗಾಗ ಆ ಓಣಿಗೆ ಹೋಗುತ್ತೇನೆ. ಕೋಟು ಬಿಚ್ಚುವ ನೆಪದಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತೇನೆ. ಡಾಕ್ಟರ್ ಲಿಂಡ್ನರ್ ಹೋಗಿ ಬಹಳ ವರ್ಷವಾಯಿತು, ನಮ್ಮವರೂ ಇಲ್ಲ. ಇಬ್ಬರಿಗೂ ಅವರವರ ಊರಿನ ಪದ್ಧತಿಯಂತೆಯೇ ಹೂವಿಟ್ಟೆ: ಒಬ್ಬರ ಸಮಾಧಿಗೆ ಬಿಳಿ ಸೇವಂತಿಗೆ, ಇನ್ನೊಬ್ಬರ ಫೋಟೋಗೂ ಅದೇ.

ನಮ್ಮ ಕಸುಬಿನಲ್ಲಿ ಪ್ರತಿ ಚಿತ್ರಕ್ಕೂ ಎರಡು ಫೋಟೋ ಇಟ್ಟುಕೊಳ್ಳುವ ರೂಢಿ: ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು. ಕಲಿಯಲು ಬಂದವರು ನಿಮ್ಮ ಬೆಸ್ಟ್ ಕೆಲಸ ತೋರಿಸಿ ಎಂದಾಗಲೆಲ್ಲ ನಾನು ವಿಲ್ಹೆಲ್ಮಿನಳ ಎರಡು ಫೋಟೋ ಮುಂದಿಡುತ್ತೇನೆ. ಒಂದರಲ್ಲಿ ಕಷಾಯದ ಬಣ್ಣ, ಇನ್ನೊಂದರಲ್ಲಿ ಬೆಳಗಿನ ಬೆಳಕು. ಏನು ಅಂಥಾ ದೊಡ್ಡ ಕೆಲಸ ಎಂದು ಅವರು ಹಿಂದೆ ಮುಂದೆ ತಿರುಗಿಸಿ ಹುಡುಕುತ್ತಾರೆ. ನಾನು ಹೇಳುತ್ತೇನೆ: ಎರಡರಲ್ಲೂ ಹೂವು ಎಣಿಸಿ ನೋಡಿ, ಒಂದೂ ಕಡಿಮೆಯಾಗಿಲ್ಲ.